ಚಿನ್ನದ ಗಣಿಯ ಆಳಕ್ಕಿಳಿದ ರಕ್ಷಕರು

ಕೋಲಾರ ಸೀಮೆಯ ವೀರಗಲ್ಲುಗಳು ತುರುಗೋಳಿನಲ್ಲಿ ಮಡಿದ ಸಾಮಾನ್ಯರ ಹೆಸರುಗಳನ್ನೂ ಉಳಿಸಿಕೊಟ್ಟಿವೆ. ಅದೇ ನೆಲದ ಆಳದಲ್ಲಿ ಜೊತೆಗಾರರ ಪ್ರಾಣರಕ್ಷಣೆಗೆ ಇಳಿದವರ ಚರಿತ್ರೆ ಚಿನ್ನದ ಲೆಕ್ಕಪತ್ರಗಳ ಮರೆಯಲ್ಲಿ ಸರಿದುಹೋಗಿದೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ಕೈಗೊಂಡಿತು. 1894ರಲ್ಲಿ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಕ್ರಮೇಣ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಮಿಕ್ಕಿದ ಆಳವನ್ನು ಮುಟ್ಟಿತು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ಒತ್ತಡ ತಾಳಲಾರದ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಬೆಂಕಿ ಹತ್ತಿದರೆ ಉರಿಗಿಂತ ಹೊಗೆಯೇ ಘಾತಕ. ಗಾಳಿ ಸಾಗುವ ಹಾದಿಯಲ್ಲೇ ಅದೂ ಸಾಗುತ್ತದೆ. ಅಗ್ನಿಶಾಮಕ ವಾಹನ ಅಲ್ಲಿಗೆ ತಲುಪದು. ಉಸಿರಾಟದ ಉಪಕರಣ ಧರಿಸಬಲ್ಲ, ಸುರಂಗದ ತಿರುವುಗಳನ್ನು ಬಲ್ಲ ಗಣಿಕಾರ್ಮಿಕನೇ ರಕ್ಷಕನಾಗಬೇಕು.

1952ರ ಗಣಿ ಅಧಿನಿಯಮವು 150ಕ್ಕಿಂತ ಹೆಚ್ಚು ಜನರು ದುಡಿಯುವ ಗಣಿಗಳಲ್ಲಿ ಪ್ರಥಮ ಚಿಕಿತ್ಸಾ ಕೊಠಡಿಯನ್ನು ಕಡ್ಡಾಯಗೊಳಿಸಿತು. 1964ರ ಅಗ್ನಿಶಾಮಕ ಕಾಯಿದೆ, 2008ರ ನವೆಂಬರಿನಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ, ಇವು ನೆಲದ ಮೇಲಿನ ರಕ್ಷಣೆಯ ಅಧ್ಯಾಯಗಳು. ನೆಲದೊಳಗಿನ ಅಧ್ಯಾಯ 2001ರ ಫೆಬ್ರವರಿ 28ರಂದು ಗಣಿಯೊಡನೆಯೇ ಮುಚ್ಚಿಹೋಯಿತು.

ಆ ಕೆಲಸವನ್ನು ಬಲ್ಲವರು ಈಗ ವೃದ್ಧರು. ಅವರಲ್ಲಿ ಬಹುಮಂದಿಯ ಮನೆಮಾತು ತಮಿಳು, ತೆಲುಗು. ಆ ನೆನಪುಗಳನ್ನು ಅವರವರ ನುಡಿಯಲ್ಲಿಯೇ ಕೇಳಿ, ಕನ್ನಡಕ್ಕೂ ತಂದು ದಾಖಲಿಸುವುದು ನಮ್ಮ ಸಂಶೋಧನಾರ್ಥಿಗಳ ಹೊಣೆ. ವೀರಗಲ್ಲನ್ನು ಓದಬಲ್ಲವರಿಗೆ ಈ ಕೆಲಸದ ಬೆಲೆ ತಿಳಿಯದಿರದು.