ಕಾಯ್ದೆಯಿಲ್ಲದ ಪೆಟ್ಟಿಗೆ: ಭಾರತದ ಪೇಟೆಂಟ್ ಸುಧಾರಣೆಯ ಒಂದು ದಶಕ (1995–2005)

ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡಕ್ಕೆ ಮಣಿದು ಭಾರತ ತನ್ನ ಪೇಟೆಂಟ್ ಕಾಯ್ದೆಯನ್ನು ತಿದ್ದಿತು ಎಂಬ ಮಾತು ಚಾಲ್ತಿಯಲ್ಲಿದೆ. ಅದು ಅರ್ಧ ಸತ್ಯ. ತಿದ್ದುಪಡಿ ಮೂರು ಕಂತುಗಳಲ್ಲಿ, ಹತ್ತು ವರ್ಷ ಎಳೆದಾಡಿಕೊಂಡು ಬಂತು. ಆ ವಿಳಂಬದಿಂದ ದೇಶಕ್ಕೆ ಮುಖಭಂಗವಾದದ್ದು ನಿಜ. ಆದರೆ 2005ರ ಕಾಯ್ದೆಯಲ್ಲಿ ರೋಗಿಗಳ ಪರವಾಗಿ ನಿಂತ ಕಲಮು ಆ ರೂಪ ಪಡೆದದ್ದೂ ಅದೇ ವಿಳಂಬದಿಂದ ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬ್ರಿಟಿಷರ ಕಾಲದ 1911ರ ಕಾಯ್ದೆಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ವರದಿ ಕೊಟ್ಟರು. ಭಾರತದ ಪೇಟೆಂಟುಗಳಲ್ಲಿ ಶೇ. 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ಬಹುಪಾಲು ಇಲ್ಲಿ ಬಳಕೆಯಾಗುತ್ತಲೇ ಇಲ್ಲ ಎಂದು ಅವರು ತೋರಿಸಿದರು. ಅದರ ಫಲವೇ 1970ರ ಕಾಯ್ದೆ. ಅದರ 5ನೇ ಕಲಮಿನ ಪ್ರಕಾರ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಅದೂ ಹೆಚ್ಚೆಂದರೆ 7 ವರ್ಷ. ಬೇರೆ ವಿಧಾನದಿಂದ ಅದೇ ಮಾತ್ರೆಯನ್ನು ಯಾರು ಬೇಕಾದರೂ ತಯಾರಿಸಬಹುದಿತ್ತು. ಭಾರತದ ಔಷಧ ಉದ್ಯಮ ಬೆಳೆದದ್ದು ಈ ಅವಕಾಶದಲ್ಲಿ.

ವಿಶ್ವ ವ್ಯಾಪಾರ ಸಂಸ್ಥೆಗೆ ದಾರಿಮಾಡಿದ ಮಾತುಕತೆಯಲ್ಲಿ 1991ರ ಡಿಸೆಂಬರಿನಲ್ಲಿ ಬಂದ ಡಂಕೆಲ್ ಕರಡು ಈ ವ್ಯವಸ್ಥೆಯ ಬುಡಕ್ಕೇ ಕೈಹಾಕಿತು. ಕರ್ನಾಟಕದಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಡಂಕೆಲ್ ಹೆಸರನ್ನು ಹಳ್ಳಿಹಳ್ಳಿಗೂ ಮುಟ್ಟಿಸಿತು. ಆದರೆ ಆ ಹೋರಾಟದ ಕೇಂದ್ರದಲ್ಲಿದ್ದದ್ದು ಬೀಜ. ಔಷಧದ ಕಲಮಿನ ಜಗಳ ನಡೆದದ್ದು ಸಂಸತ್ತಿನಲ್ಲಿ, ಆಮೇಲೆ ವಿಶ್ವ ವ್ಯಾಪಾರ ಸಂಸ್ಥೆಯ ಕೇಂದ್ರವಾದ ಜಿನೀವಾದಲ್ಲಿ.

1995ರ ಜನವರಿ 1ರಂದು ಜಾರಿಗೆ ಬಂದ ಟ್ರಿಪ್ಸ್, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದ, ಔಷಧಕ್ಕೆ ಉತ್ಪನ್ನ ಪೇಟೆಂಟ್ ಕೊಡಲು ಭಾರತದಂಥ ದೇಶಗಳಿಗೆ 2005ರವರೆಗೆ ಕಾಲಾವಕಾಶ ಕೊಟ್ಟಿತ್ತು. ಆದರೆ ಎರಡು ಕೆಲಸಗಳಿಗೆ ಆ ಅವಕಾಶ ಇರಲಿಲ್ಲ. ಔಷಧ ಮತ್ತು ಕೃಷಿ ರಾಸಾಯನಿಕಗಳ ಪೇಟೆಂಟ್ ಅರ್ಜಿಗಳನ್ನು ಮೊದಲ ದಿನದಿಂದಲೇ ಸ್ವೀಕರಿಸಿ, ಅವುಗಳ ದಿನಾಂಕಕ್ಕೆ ಚ್ಯುತಿ ಬಾರದಂತೆ ಕಾಯ್ದಿಡಬೇಕಿತ್ತು. ಇದಕ್ಕೆ ‘ಮೇಲ್‌ಬಾಕ್ಸ್’ (ಅಂಚೆಪೆಟ್ಟಿಗೆ) ಎಂಬ ಹೆಸರು ಬಿತ್ತು. ಜೊತೆಗೆ, ಕೆಲವು ಷರತ್ತುಗಳ ಮೇಲೆ ಅಂಥ ಅರ್ಜಿದಾರರಿಗೆ ಐದು ವರ್ಷದವರೆಗೆ ಮಾರಾಟದ ಏಕಸ್ವಾಮ್ಯ ಕೊಡಬೇಕಿತ್ತು.

ಇದಕ್ಕಾಗಿ ಸರ್ಕಾರ 1994ರ ಡಿಸೆಂಬರ್ 31ರಂದು ಸುಗ್ರೀವಾಜ್ಞೆ ಹೊರಡಿಸಿತು. ಅಧಿವೇಶನ ಆರಂಭವಾದ ಆರು ವಾರಗಳಲ್ಲಿ ಸಂಸತ್ತು ಒಪ್ಪದಿದ್ದರೆ ಸುಗ್ರೀವಾಜ್ಞೆ ಬಿದ್ದುಹೋಗುತ್ತದೆ. 1995ರ ಮಾರ್ಚ್ 26ರಂದು ಆದದ್ದು ಅದೇ. ಮಸೂದೆ ಲೋಕಸಭೆಯಲ್ಲಿ ಪಾಸಾಗಿ ರಾಜ್ಯಸಭೆಯ ಆಯ್ಕೆ ಸಮಿತಿಯಲ್ಲಿ ಸಿಕ್ಕಿಕೊಂಡಿತು. 1996ರ ಮೇ ತಿಂಗಳಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ರದ್ದಾಯಿತು.

ಅಷ್ಟರಲ್ಲಿ ಅರ್ಜಿಗಳು ಬರುತ್ತಲೇ ಇದ್ದವು. ಅವುಗಳನ್ನು ಬೇರೆಯಾಗಿ ತೆಗೆದಿಡಿ ಎಂದು ಪೇಟೆಂಟ್ ಕಚೇರಿಗಳಿಗೆ ಆಡಳಿತಾತ್ಮಕ ಸೂಚನೆ ಕೊಟ್ಟಿದ್ದೇವೆ, ಇಷ್ಟು ಸಾಕು ಎಂಬುದು ಸರ್ಕಾರದ ನಿಲುವಾಗಿತ್ತು. 1996ರಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. ವಿಚಾರಣೆಯಲ್ಲಿ ಎದ್ದ ಪ್ರಶ್ನೆ ಸರಳವಾಗಿತ್ತು: ಆ ಸೂಚನೆ ಎಲ್ಲಿದೆ? ಅದರ ಪಠ್ಯವನ್ನು ಭಾರತ ಮುಂದಿಡಲಿಲ್ಲ. ಇನ್ನೊಂದು ತೊಡಕೂ ಇತ್ತು. 1970ರ ಕಾಯ್ದೆಯ 12ನೇ ಕಲಮಿನಂತೆ ಪೂರ್ಣ ವಿವರಣೆಯೊಡನೆ ಬಂದ ಅರ್ಜಿಯನ್ನು ನಿಯಂತ್ರಕರು ಪರೀಕ್ಷಕರಿಗೆ ಕಳಿಸಲೇಬೇಕಿತ್ತು. ಪೇಟೆಂಟಿಗೆ ಅರ್ಹವಲ್ಲದ ವಸ್ತುವಿನ ಅರ್ಜಿ ಹಾಗೆ ಪರೀಕ್ಷೆಗೆ ಹೋದರೆ ತಿರಸ್ಕೃತವಾಗುವುದೇ ಗತಿ. ಕಾಯ್ದೆ ‘ಕಳಿಸು’ ಎನ್ನುತ್ತಿರುವಾಗ ಸುತ್ತೋಲೆಯೊಂದು ‘ತಡೆದಿಡು’ ಎಂದರೆ ಅದು ನ್ಯಾಯಾಲಯದಲ್ಲಿ ಉಳಿಯುತ್ತದೆಯೇ? ಉಳಿಯುವ ನಂಬಿಕೆ ತನಗಿಲ್ಲ ಎಂದು ಸಂಸ್ಥೆಯ ಮೇಲ್ಮನವಿ ಮಂಡಳಿ 1997ರ ಡಿಸೆಂಬರ್ 19ರ ತೀರ್ಪಿನಲ್ಲಿ ಹೇಳಿತು.

ಈ ತೀರ್ಪನ್ನು ನಮ್ಮ ಸಾರ್ವಭೌಮತ್ವದ ಮೇಲಿನ ದಾಳಿ ಎಂದು ಓದಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಕಾರ್ಯಾಂಗದ ಸೂಚನೆ ಶಾಸಕಾಂಗದ ಕಾಯ್ದೆಯನ್ನು ಮೀರಲಾರದು ಎಂಬುದು ನಮ್ಮ ಸಂವಿಧಾನದ್ದೇ ತತ್ವ. ಅದನ್ನು ನಾವೇ ಜಿನೀವಾದಲ್ಲಿ ಅಲ್ಲಗಳೆಯುವ ಸ್ಥಿತಿಗೆ ಇಳಿದೆವು ಎಂಬುದು ಇಂದು ಓದಿದಾಗಲೂ ಬೇಸರ ತರಿಸುತ್ತದೆ.

ತೀರ್ಪನ್ನು ಪಾಲಿಸಲು ನಿಗದಿಯಾಗಿದ್ದ 1999ರ ಏಪ್ರಿಲ್ 16ರ ಗಡುವಿಗೆ ಕೆಲವೇ ವಾರ ಮೊದಲು ಮೊದಲ ತಿದ್ದುಪಡಿ ಕಾಯ್ದೆಯಾಯಿತು. 1995ರ ಜನವರಿ 1ರಿಂದ ಪೂರ್ವಾನ್ವಯವಾಗಿ ಪೆಟ್ಟಿಗೆಗೆ ಶಾಸನದ ಆಧಾರ ಸಿಕ್ಕಿತು. 2002ರ ಎರಡನೇ ತಿದ್ದುಪಡಿ ಪೇಟೆಂಟ್ ಅವಧಿಯನ್ನು 20 ವರ್ಷಕ್ಕೆ ಏರಿಸಿತು. ಈ ನಡುವೆ ಹೊರಗಿನ ಗಾಳಿ ಬದಲಾಗಿತ್ತು. ಏಡ್ಸ್ ಔಷಧಗಳ ಬೆಲೆಯ ಬಗ್ಗೆ ಜಗತ್ತಿನಾದ್ಯಂತ ಎದ್ದ ಆಕ್ರೋಶದ ಹಿನ್ನೆಲೆಯಲ್ಲಿ 2001ರ ನವೆಂಬರಿನ ದೋಹಾ ಘೋಷಣೆ, ಸಾರ್ವಜನಿಕ ಆರೋಗ್ಯದ ರಕ್ಷಣೆಗೆ ಟ್ರಿಪ್ಸ್ ಅಡ್ಡಿಯಾಗಬಾರದು ಎಂದು ಸಾರಿತ್ತು.

ಮೂರನೇ ಕಂತು ಬಂದದ್ದು ಆ ಗಾಳಿಯಲ್ಲಿ. 2004ರ ಡಿಸೆಂಬರಿನ ಸುಗ್ರೀವಾಜ್ಞೆ ಉತ್ಪನ್ನ ಪೇಟೆಂಟನ್ನು ಮರಳಿ ತಂದಿತು. ಅದನ್ನು ಕಾಯ್ದೆಯಾಗಿಸಲು ಸರ್ಕಾರಕ್ಕೆ ಎಡಪಕ್ಷಗಳ ಬೆಂಬಲ ಬೇಕಿತ್ತು. 2005ರ ಮಾರ್ಚಿನ ಚೌಕಾಸಿಯಲ್ಲಿ 3(ಡಿ) ಉಪಕಲಮು ವಿಸ್ತಾರಗೊಂಡಿತು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಕಾರಿತ್ವ ಹೆಚ್ಚದಿದ್ದರೆ, ಪೇಟೆಂಟ್ ಇಲ್ಲ. ಹಳೆಯ ಔಷಧದ ಲವಣವನ್ನೋ ಹರಳಿನ ರೂಪವನ್ನೋ ಬದಲಿಸಿ ಏಕಸ್ವಾಮ್ಯ ಮುಂದುವರಿಸುವ ದಾರಿಗೆ ಇದು ಬೇಲಿ ಹಾಕಿತು. 1995ರಲ್ಲೇ ಮಸೂದೆ ಪಾಸಾಗಿ, ಉಳಿದದ್ದೂ ಅದೇ ಅವಸರದಲ್ಲಿ ಮುಗಿದಿದ್ದರೆ ಇಂಥ ಬೇಲಿಗೆ ಜಾಗವಿರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

2005ರಲ್ಲಿ ಪೆಟ್ಟಿಗೆ ತೆರೆದರು. ಅದರಲ್ಲಿ 1998ರಲ್ಲಿ ಚೆನ್ನೈ ಕಚೇರಿಗೆ ಬಂದ ನೋವಾರ್ಟಿಸ್ ಕಂಪನಿಯ ಅರ್ಜಿಯೂ ಇತ್ತು: ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲೀವೆಕ್, ಅಂದರೆ ಇಮಾಟಿನಿಬ್ ಮೆಸಿಲೇಟ್‌ನ ಬೀಟಾ ಹರಳು ರೂಪ. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ಇಲ್ಲಿನ ಕಂಪನಿಗಳದ್ದು ಸುಮಾರು 10,000 ರೂಪಾಯಿ. 2006ರ ಜನವರಿಯಲ್ಲಿ ಕಚೇರಿ ಅರ್ಜಿಯನ್ನು ತಿರಸ್ಕರಿಸಿತು. 3(ಡಿ) ಟ್ರಿಪ್ಸ್‌ಗೆ ವಿರುದ್ಧ ಎಂಬ ವಾದವನ್ನು ತೀರ್ಮಾನಿಸುವ ವೇದಿಕೆ ತಾನಲ್ಲ ಎಂದು 2007ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್, ಔಷಧದ ವಿಷಯದಲ್ಲಿ ಪರಿಣಾಮಕಾರಿತ್ವ ಎಂದರೆ ರೋಗ ವಾಸಿಮಾಡುವ ಗುಣವೇ ಎಂದು ಅರ್ಥೈಸಿತು. ಹೊಸ ಹರಳು ದೇಹದಲ್ಲಿ ಶೇ. 30ರಷ್ಟು ಹೆಚ್ಚು ಹೀರಲ್ಪಡುತ್ತದೆ ಎಂಬುದಷ್ಟೇ ಅದಕ್ಕೆ ಸಾಲದು ಎಂದು ಮೇಲ್ಮನವಿಯನ್ನು ವಜಾ ಮಾಡಿತು. ಮೇಲ್‌ಬಾಕ್ಸ್ ಕುರಿತು ಜಿನೀವಾದ ಬಾಗಿಲು ತಟ್ಟಿದ ಅಮೆರಿಕ 3(ಡಿ) ವಿರುದ್ಧ ಅಲ್ಲಿ ಮೊಕದ್ದಮೆ ಹೂಡಲಿಲ್ಲ.