ಬಿತ್ತದವನಿಗೆ ಸಬ್ಸಿಡಿ, ಗೇದವನಿಗೆ ಗುಳೆ

ಸರ್ಕಾರ ರೈತನಿಗೆ ದುಡ್ಡು ಕೊಟ್ಟಿತು ಅಂದ ಕೂಡಲೇ ನಾವು ಕೇಳಬೇಕಾದ ಪ್ರಶ್ನೆ ಒಂದೇ: ರೈತ ಅಂದ್ರೆ ಯಾರು? ಪಹಣಿಯಲ್ಲಿ ಹೆಸರಿದ್ದವನೋ, ಮಣ್ಣಲ್ಲಿ ಬೆವರು ಸುರಿಸಿದವನೋ? ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸನ್‌ಫ್ಲವರ್ ಕೌಂಟಿಯ ಚರಿತ್ರೆಯನ್ನು ನಾವು ಓದಬೇಕಾದ್ದು ಇದಕ್ಕೇ. ಅದು ಹತ್ತಿಯ ಸೀಮೆ. ಹೊಲ ಬಿಳಿಯರದು, ಬೆನ್ನು ಕಪ್ಪು ಜನರದು.

1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಯಿತು. ಭೂಮಿ ಮಾತ್ರ ಧಣಿಗಳ ಕೈಯಲ್ಲೇ ಉಳಿಯಿತು. ಕಪ್ಪು ಜನ ಅದೇ ಹೊಲಗಳನ್ನು ವಾರಕ್ಕೆ ಮಾಡಿದರು. ಬೀಜ, ಬಟ್ಟೆ, ಹಿಟ್ಟು ಎಲ್ಲಾ ಸಾಲ. ಸುಗ್ಗಿಯಾದ ಮೇಲೆ ಲೆಕ್ಕ ಬರೆಯುವವನೂ ಧಣಿಯೇ. ಈ ಲೆಕ್ಕವನ್ನು ನಮ್ಮ ಹಟ್ಟಿಯ ಮುದುಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1933ರ ಹೊತ್ತಿಗೆ ಹತ್ತಿಯ ಬೆಲೆ ನೆಲ ಕಚ್ಚಿತ್ತು. ರೂಸ್‌ವೆಲ್ಟ್ ಸರ್ಕಾರ ಕಾನೂನು ತಂದಿತು: ಬೆಳೆ ಕಡಿಮೆ ಮಾಡಿ, ದುಡ್ಡು ಕೊಡ್ತೀವಿ. ಆ ವರ್ಷ ಬೆಳೆದು ನಿಂತಿದ್ದ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣು ಮಾಡಿದರು. ಕರಾರಿಗೆ ಸಹಿ ಹಾಕಿದವನು ಜಮೀನ್ದಾರ, ಚೆಕ್ಕು ಬಂದದ್ದೂ ಅವನಿಗೇ. ವಾರದವನಿಗೆ ಪಾಲು ಕೊಡಬೇಕು ಅಂತ ಕಾಗದದಲ್ಲಿತ್ತು. ಕೊಡದಿದ್ರೆ ದೂರು ಹೇಳೋದು ಯಾರಿಗೆ? ಕೌಂಟಿ ಸಮಿತಿಗಳಲ್ಲಿ ಕೂತವರೂ ಧಣಿಗಳೇ. ಉಳುವ ಎಕರೆ ಇಳಿದ ಮೇಲೆ ಆಳುಗಳ ಒಕ್ಕಲೆಬ್ಬಿಸಿದರು. ಇದರ ವಿರುದ್ಧ 1934ರಲ್ಲಿ ನೆರೆಯ ಅರ್ಕನ್ಸಾ ರಾಜ್ಯದ ಟೈರೋಂಜಾದಲ್ಲಿ ಕಪ್ಪು ಜನರೂ ಬಡ ಬಿಳಿಯರೂ ಒಂದೇ ಸಂಘ ಕಟ್ಟಿದರು. ವಾರದವರನ್ನು ಹೊಲದಿಂದ ಬಿಡಿಸಕೂಡದು ಎಂದು ಕಾನೂನಿಗೆ ಅರ್ಥ ಹೇಳಿದ ಅಧಿಕಾರಿಗಳನ್ನೇ 1935ರಲ್ಲಿ ಕೃಷಿ ಇಲಾಖೆ ಮನೆಗೆ ಕಳಿಸಿತು. ಸಬ್ಸಿಡಿಯ ದುಡ್ಡು ಟ್ರ್ಯಾಕ್ಟರಾಗಿ ಬಂತು. ಟ್ರ್ಯಾಕ್ಟರು ಬಂದಲ್ಲಿ ಗುಡಿಸಲು ಖಾಲಿಯಾಯಿತು.

ಸನ್‌ಫ್ಲವರ್ ಕೌಂಟಿಯ ಇಬ್ಬರನ್ನು ಎದುರು ಬದುರು ನಿಲ್ಲಿಸಿ ನೋಡೋಣ. ಒಬ್ಬ ಸೆನೆಟರ್ ಜೇಮ್ಸ್ ಈಸ್ಟ್‌ಲೆಂಡ್. 5,000 ಎಕರೆಗೂ ಮೀರಿದ ಹತ್ತಿ ತೋಟದ ಒಡೆಯ. ಕಪ್ಪು ಜನರ ಹಕ್ಕಿನ ಮಸೂದೆಗಳಿಗೆ ಅಡ್ಡ ಮಲಗಿದವನು. 1960ರ ದಶಕದ ಕೊನೆಗೆ ಅವನ ತೋಟಕ್ಕೆ ವರ್ಷಕ್ಕೆ ಲಕ್ಷ ಡಾಲರಿಗೂ ಹೆಚ್ಚು ಸಬ್ಸಿಡಿ ಬರುತ್ತಿತ್ತು. ಇನ್ನೊಬ್ಬಳು ನಮ್ಮವ್ವನಂಥ ಫ್ಯಾನಿ ಲೂ ಹ್ಯಾಮರ್. ಇಪ್ಪತ್ತು ಮಕ್ಕಳಲ್ಲಿ ಕೊನೆಯವಳು. ಆರನೇ ವಯಸ್ಸಿಗೇ ಹತ್ತಿ ಬಿಡಿಸಿದವಳು. 1962ರ ಆಗಸ್ಟ್ 31ರಂದು ವೋಟಿನ ಪಟ್ಟಿಗೆ ಹೆಸರು ಬರೆಸಲು ಹೋದಳು. ಅರ್ಜಿ ವಾಪಸ್ ತಗೋ, ಇಲ್ಲಾಂದ್ರೆ ಜಾಗ ಬಿಡು ಅಂದ ತೋಟದ ಧಣಿ. 18 ವರ್ಷ ಗೇದ ಜಾಗವನ್ನು ಅವಳು ಅದೇ ರಾತ್ರಿ ಬಿಟ್ಟಳು. ಅರ್ಜಿ ಬಿಡಲಿಲ್ಲ.

1970ರಲ್ಲಿ ಒಬ್ಬನಿಗೆ ಒಂದು ಬೆಳೆಗೆ 55,000 ಡಾಲರ್ ಎಂಬ ಮಿತಿ ಬಂತು. ದೊಡ್ಡ ಧಣಿಗಳು ಹೆಂಡತಿ ಮಕ್ಕಳ, ನೆಂಟರ ಹೆಸರಿಗೆ ಹೊಲ ಹಂಚಿ ಮಿತಿಯನ್ನು ದಾಟಿದರು. ಈ ವಿದ್ಯೆ ನಮ್ಮೂರ ಧಣಿಗಳಿಗೂ ಗೊತ್ತು. ಭೂಮಿತಿ ಕಾನೂನು ಬಂದಾಗ ಸತ್ತವರ ಹೆಸರಿಗೂ ಜಮೀನು ಬರೆಸಿದವರು ಅವರು.

ಹ್ಯಾಮರ್ ಸರ್ಕಾರದ ಚೆಕ್ಕಿಗೆ ಕಾಯುತ್ತ ಕೂರಲಿಲ್ಲ. 1969ರಲ್ಲಿ 40 ಎಕರೆಯಿಂದ ಸಹಕಾರಿ ಬೇಸಾಯ ಶುರು ಮಾಡಿದಳು. ಅದು 600 ಎಕರೆ ದಾಟಿತು. ಬಡವರ ಮನೆಗೆ ತರಕಾರಿ ಬಂತು, ಸಾಕೋಕೆ ಹಂದಿ ಬಂತು. ಸಾಲ, ಹವಾಮಾನದ ಹೊಡೆತಕ್ಕೆ 1970ರ ದಶಕದ ನಡುವೆ ಆ ಭೂಮಿ ಕೈತಪ್ಪಿತು. 1977ರಲ್ಲಿ ಅವಳು ತೀರಿಕೊಂಡಳು.

ನಮ್ಮಲ್ಲಿ 2019ರಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯ 6,000 ರೂಪಾಯಿಯೂ ಭೂಮಿ ಹೆಸರಲ್ಲಿರುವವರಿಗೇ. ಕೂಲಿಯವಳಿಗಿಲ್ಲ, ವಾರದವನಿಗಿಲ್ಲ. ಗೆಳೆಯರೇ, ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದಿಸಿ. ಆಮೇಲೆ ಹೊಲಗಳಲ್ಲಿ ಗೇಯುವವರ ಪಟ್ಟಿಯನ್ನು ನೀವೇ ಬರೆದು, ಪಕ್ಕದಲ್ಲಿಟ್ಟು, ಗಟ್ಟಿಯಾಗಿ ಓದಿ.