ಪ್ರಾಯದ ಸಾಕ್ಷಿ

ಸಹ್ಯಾದ್ರಿಯ ತಪ್ಪಲಿನಲ್ಲಿ, ವಾರಾಹಿಯು ಹರಿಯುವ ಸೀಮೆಯಲ್ಲಿ ನೆಲಸಿರುವ ಶಂಕರನಾರಾಯಣವು ಪರಶುರಾಮಸೃಷ್ಟಿಯ ಸಪ್ತಕ್ಷೇತ್ರಗಳಲ್ಲೊಂದೆಂದು ಪ್ರಸಿದ್ಧವಾದುದು. ಹರಿಹರರಿಬ್ಬರೂ ಒಂದೇ ಸನ್ನಿಧಿಯಲ್ಲಿ ಪೂಜೆಗೊಳ್ಳುವ ಈ ಊರಿನ ಹೆಸರಿನೊಡನೆ ಮದ್ಯದ ಮಾತನ್ನೆತ್ತುವುದು ಅನುಚಿತವೆಂದು ಕೆಲವರಿಗೆ ತೋರಬಹುದು. ಆದರೆ ನಾಡಿನ ಚರಿತ್ರೆಯು ಗುಡಿಗೋಪುರಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಮಾತ್ರವೇ ಇರುವಂಥದಲ್ಲ. ಸಂತೆಯ ತಕ್ಕಡಿಯಲ್ಲಿ, ಶಾಲೆಯ ದಾಖಲೆಯಲ್ಲಿ, ಜಿಲ್ಲೆಯ ಜನರು ಗಡಂಗೆಂದು ಕರೆಯುವ ಮದ್ಯದಂಗಡಿಯ ಬಾಗಿಲಲ್ಲಿಯೂ ಅದು ಅಡಗಿಕೊಂಡಿರುತ್ತದೆ. ಹುಡುಕುವ ಕಣ್ಣು ಬೇಕು, ಅಷ್ಟೆ.

ಮದ್ಯವನ್ನು ಕೊಳ್ಳಬಂದವನನ್ನು ಅಂಗಡಿಯವನು ಒಮ್ಮೆ ನೋಡಿ, "ಪ್ರಾಯ ಎಷ್ಟಾಯ್ತ್ ಮಾರಾಯ್ರೆ? ಕಾರ್ಡ್ ಇತ್ತಾ?" ಎಂದು ಕೇಳುವುದು ಈ ಕಡೆಯ ಯಾವ ಪೇಟೆಯಲ್ಲಾದರೂ ಇಂದು ನಡೆಯಬಹುದಾದ ಸಂಗತಿ. ಕೇಳಿಸಿಕೊಂಡವನು ಮೂವತ್ತರವನಿರಬಹುದು, ಮನೆಯಲ್ಲಿ ಮಡದಿಮಕ್ಕಳುಳ್ಳವನಿರಬಹುದು, ಎರಡು ಮೂರು ಚುನಾವಣೆಗಳಲ್ಲಿ ಮತವಿತ್ತು ಸರಕಾರವನ್ನು ಕಟ್ಟಿದವನೂ ಇರಬಹುದು. ಮೀಸೆಯು ತೆಳ್ಳಗಿರುವುದೊಂದೇ ಅವನ ಅಪರಾಧ. ಹತ್ತು ಮಂದಿಯ ಎದುರಿನಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದೆ ಹೋಯಿತಲ್ಲಾ ಎಂದು ಅವನಿಗೆ ನೋವಾಗುತ್ತದೆ. ನಗುವಂತಹ ಚಿಕ್ಕ ಪ್ರಸಂಗವಿದು. ಆದರೂ ಮನುಷ್ಯನ ಮಾತು ಯಾವಾಗ ಸಾಕ್ಷಿಯಾಗದೆ ಹೋಯಿತು, ಕಾಗದವು ಯಾವಾಗ ಆ ಸ್ಥಾನವನ್ನು ಹಿಡಿಯಿತು ಎಂಬ ದೊಡ್ಡ ಪ್ರಶ್ನೆಯೊಂದು ಅದರ ಒಳಗಿದೆ.

ಪೂರ್ವದಲ್ಲಿ ಸರಕಾರವು ಕುಡಿಯುವವನನ್ನು ಏನನ್ನೂ ಕೇಳುತ್ತಿರಲಿಲ್ಲವೆಂದೇ ಹೇಳಬೇಕು. ಅದು ಕೇಳುತ್ತಿದ್ದುದು ಮರವನ್ನು. ದಕ್ಷಿಣ ಕನ್ನಡವು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1886ರ ಮದರಾಸು ಅಬಕಾರಿ ಕಾಯಿದೆಯೇ ಇಲ್ಲಿಯ ಕಳ್ಳುಸಾರಾಯಿಗಳ ಆಡಳಿತಕ್ಕೆ ಆಧಾರವಾಗಿತ್ತು. ತೆಂಗು, ತಾಳೆ, ಬೈನೆಗಳಿಂದ ಕಳ್ಳನ್ನಿಳಿಸುವ ಮೂರ್ತೆಯ ಕಸುಬು ಬಿಲ್ಲವರೇ ಮೊದಲಾದವರ ಜೀವನೋಪಾಯವಾಗಿತ್ತು. ಯಾವ ಮರಕ್ಕೆ ಕತ್ತಿ ಹಾಕಬಹುದು, ಆ ಮರಕ್ಕೆ ತೆರಿಗೆಯೆಷ್ಟು, ಅದರ ಮೇಲೆ ಅಂಕೆಯನ್ನು ಬರೆದಿದೆಯೋ ಇಲ್ಲವೋ, ಬೆಲ್ಲಕ್ಕೆಂದು ಇಳಿಸುವ ಸಿಹಿಗಳ್ಳಿನ ಗಡಿಗೆಗೆ ಹುಳಿಯದಂತೆ ಸುಣ್ಣವನ್ನು ಬಳಿದಿದೆಯೋ ಇಲ್ಲವೋ ಎಂಬಿವೇ ಅಬಕಾರಿ ಅಧಿಕಾರಿಯ ಚಿಂತೆಗಳು. ಅಂಗಡಿಗಳು ಏಲಂ ಆಗುತ್ತಿದ್ದುವು. ಬೊಕ್ಕಸಕ್ಕೆ ಹಣವು ಬರುತ್ತಿತ್ತು. ಮರಕ್ಕೆ ದಾಖಲೆಯಿತ್ತು, ಗಡಿಗೆಗೆ ನಿಯಮವಿತ್ತು. ಕುಡಿಯುವವನಿಗೆ ಮಾತ್ರ ಕಾಗದದ ಗೊಡವೆಯಿರಲಿಲ್ಲ.

ಹಾಗೆಂದು ಆ ಕಾಲದವರಿಗೆ ತಮ್ಮ ಪ್ರಾಯವು ತಿಳಿದಿರಲಿಲ್ಲವೆಂದು ಭಾವಿಸಬಾರದು. ಜಾತಕವುಳ್ಳವರ ಮನೆಗಳಲ್ಲಿ ಜೋಯಿಸರು ಬರೆದಿಟ್ಟ ಓಲೆಯಿರುತ್ತಿತ್ತು. ಉಳಿದವರು ಸಂವತ್ಸರದ ಹೆಸರನ್ನು ನೆನಪಿನಲ್ಲಿಟ್ಟುಕೊಂಡಿರುತ್ತಿದ್ದರು. ಅದೂ ಇಲ್ಲದಿದ್ದಲ್ಲಿ ದೊಡ್ಡ ನೆರೆ ಬಂದ ವರುಷ, ಸಿಡುಬು ಹಬ್ಬಿದ ವರುಷ, ಇಂಥವರ ಮದುವೆಯಾದ ವರುಷ ಎಂದು ಲೆಕ್ಕವನ್ನು ಹಿಡಿಯುತ್ತಿದ್ದರು. ಸಂವತ್ಸರಗಳು ಅರುವತ್ತು; ಅವು ಸುತ್ತಿ ಸುತ್ತಿ ಬರುವುವು. ಸರ್ವಧಾರಿಯಲ್ಲಿ ಹುಟ್ಟಿದೆನೆಂದು ಹೇಳುವವನು 1948ರ ಯುಗಾದಿಯ ಅನಂತರ ಹುಟ್ಟಿದವನೂ ಆಗಿರಬಹುದು, 2008ರ ಯುಗಾದಿಯ ಅನಂತರ ಹುಟ್ಟಿದವನೂ ಆಗಿರಬಹುದು. ಆದರೆ ಅರುವತ್ತು ವರುಷಗಳ ಅಂತರವನ್ನು ನಿಶ್ಚಯಿಸಲು ಯಾವ ದಾಖಲೆಯೂ ಬೇಡ. ಮುಖವನ್ನು ನೋಡಿದರೆ ಸಾಕು. ಹೀಗೆ ಸಂವತ್ಸರವು ವರುಷವನ್ನು ಹೇಳುತ್ತಿತ್ತು, ಮುಖವು ಸುತ್ತನ್ನು ಹೇಳುತ್ತಿತ್ತು. ಈ ಎರಡಕ್ಕೂ ಹಿಂದೆ ಊರಿನ ನೆನಪು ಸಾಕ್ಷಿಯಾಗಿ ನಿಂತಿತ್ತು.

ಎಳೆಯರನ್ನು ಗಡಂಗಿನಿಂದ ದೂರವಿಡಬೇಕೆಂಬ ಕಾನೂನಿನ ಯೋಚನೆಯು ಇಲ್ಲಿಯದಕ್ಕಿಂತ ಮೊದಲು ಬ್ರಿಟನ್ನಿನಲ್ಲಿ ಬಲಗೊಂಡಿತು. ತಂದೆಯು ಕುಡಿಯುವ ಬೀರನ್ನು ತರಲು ಪುಟ್ಟ ಮಕ್ಕಳನ್ನು ಅಟ್ಟುವುದು ಅಲ್ಲಿಯ ಕೂಲಿಕಾರರ ಕೇರಿಗಳಲ್ಲಿ ವಾಡಿಕೆಯಾಗಿತ್ತು. 1901ರಲ್ಲಿ ಅಲ್ಲಿಯ ಪಾರ್ಲಿಮೆಂಟು ಹದಿನಾಲ್ಕು ತುಂಬದ ಮಕ್ಕಳಿಗೆ ಮೊಹರು ಮಾಡಿದ ಪಾತ್ರೆಯಲ್ಲಲ್ಲದೆ ಮದ್ಯವನ್ನು ಮಾರಕೂಡದೆಂದು ವಿಧಿಸಿತು. 1923ರಲ್ಲಿ ಮದ್ಯವನ್ನು ಮಾರುವ ಮನೆಗಳಲ್ಲಿ ಹದಿನೆಂಟರ ಎಲ್ಲೆಯನ್ನು ಇಟ್ಟಿತು. ಆದರೆ ಭಾರತದಲ್ಲಿ ಆಗ ನಡೆದಿದ್ದ ವಾದವೇ ಬೇರೆ. ಎಷ್ಟನೆಯ ಪ್ರಾಯದಲ್ಲಿ ಕುಡಿಯಬಹುದು ಎಂಬುದಲ್ಲ, ಯಾರಾದರೂ ಏಕೆ ಕುಡಿಯಬೇಕು ಎಂಬುದು ಇಲ್ಲಿಯವರ ಪ್ರಶ್ನೆಯಾಗಿತ್ತು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ಶ್ರೀ ನಾರಾಯಣ ಗುರುಗಳು, ಮದ್ಯವನ್ನು ತಯಾರಿಸಲೂ ಬಾರದು, ಕೊಡಲೂ ಬಾರದು, ಕುಡಿಯಲೂ ಬಾರದೆಂದು 1921ರಲ್ಲಿ ಉಪದೇಶಿಸಿದರು. ಗಾಂಧಿಯವರ ಚಳವಳಿಯಲ್ಲಿ ಪಾನನಿರೋಧವು ಖಾದಿಯಷ್ಟೇ ಮುಖ್ಯವಾದ ಅಂಗವಾಗಿತ್ತು. ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ಚೋಮನ ದುಡಿಯಲ್ಲಿ, ದುಡಿದು ಬಳಲಿದವನಿಗೆ ಕಳ್ಳು ಎಂತಹ ಸಮಾಧಾನವೂ ಎಂತಹ ಸಂಕಟವೂ ಆಗಬಲ್ಲುದೆಂಬುದನ್ನು ಈ ಜಿಲ್ಲೆಯ ವಾಚಕರು ಕಂಡೇ ಇದ್ದಾರೆ.

ಆ ವಾದದ ಫಲವೇ ಪಾನನಿಷೇಧ. ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಅದನ್ನು ಮೊದಲು ಆಚರಣೆಗೆ ತಂದಿತು. ಯುದ್ಧಕಾಲದಲ್ಲಿ ಕೆಲವು ವರುಷ ನಿಂತುಹೋದ ಈ ಪ್ರಯೋಗವು ಮರಳಿ ಆರಂಭವಾಗಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದರಾಸು ಪ್ರಾಂತವನ್ನು ವ್ಯಾಪಿಸಿತು. ಅಂದಿನಿಂದ ಕುಂದಾಪುರ ತಾಲೂಕಿನಲ್ಲಿ ಎಂಬತ್ತರ ಮುದುಕನೂ ಇಪ್ಪತ್ತರ ತರುಣನೂ ಕಾಯಿದೆಯ ಕಣ್ಣಿಗೆ ಸಮಾನರಾದರು. ಸರಕಾರದ ಅನುಮತಿಪತ್ರವುಳ್ಳವನಿಗೆ ಮಾತ್ರ ಮದ್ಯ. ಉಳಿದವರಿಗೆ ಪ್ರಾಯವು ಎಷ್ಟಾದರೂ ಇಲ್ಲ. ಮದ್ಯವನ್ನು ಕೊಳ್ಳುವವನು ಕಾಗದವನ್ನು ತೋರಿಸಬೇಕೆಂಬ ಪದ್ಧತಿಯು ಈ ಸೀಮೆಯಲ್ಲಿ ಬೇರೂರಿದುದು ಹೀಗೆ. ಮರವನ್ನು ಕೇಳುತ್ತಿದ್ದ ಸರಕಾರವು ಇಲ್ಲಿಂದ ಮನುಷ್ಯನನ್ನು ಕೇಳತೊಡಗಿತು.

1956ರ ನವಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ, ಅದರ ಕಾಸರಗೋಡು ತಾಲೂಕು ಕೇರಳಕ್ಕೂ ಸೇರಿದುವು. ಪಾನನಿಷೇಧವು ಇಲ್ಲಿ ಇನ್ನೂ ಕೆಲವು ಕಾಲ ನಡೆದು, 1967ರಲ್ಲಿ ಮೈಸೂರು ಸರಕಾರವು ಅದನ್ನು ಕೊನೆಗಾಣಿಸಿತು. 1965ರ ಅಬಕಾರಿ ಕಾಯಿದೆಯೂ, ಅಂಗಡಿಗಳ ಪರವಾನಗಿಗೆ ಸಂಬಂಧಿಸಿದ 1967ರ ನಿಯಮಗಳೂ ಆಡಳಿತಕ್ಕೆ ಆಧಾರವಾದುವು. ದೇವಾಲಯಕ್ಕೂ ಶಾಲೆಗೂ ನೂರು ಮೀಟರಿನೊಳಗೆ ಮದ್ಯದಂಗಡಿಯಿರಬಾರದೆಂಬುದು ಈ ನಿಯಮಗಳಲ್ಲೊಂದು. ಕ್ಷೇತ್ರದಿಂದ ಅಂಗಡಿಗಿರುವ ದೂರವನ್ನು ಹಗ್ಗ ಹಿಡಿದು ಅಳೆಯಬಹುದು. ಅದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಮನುಷ್ಯನಿಗೂ ಪ್ರಾಪ್ತವಯಸ್ಸಿಗೂ ಇರುವ ದೂರವನ್ನು ಅಳೆಯುವ ಹಗ್ಗ ಯಾವುದು?

ಇಲ್ಲಿಯೇ ತೊಡಕಿರುವುದು. ಕಾಯಿದೆಯು ಹದಿನೆಂಟು ತುಂಬದವರಿಗೆ ಮದ್ಯವನ್ನು ಮಾರುವುದನ್ನು ದಂಡನೀಯವೆನ್ನುತ್ತದೆ. 1967ರ ನಿಯಮಗಳಾದರೋ ಇಪ್ಪತ್ತೊಂದು ತುಂಬದವರಿಗೆ ಮಾರಬಾರದೆನ್ನುತ್ತವೆ. ಇಪ್ಪತ್ತೊಂದೆಂಬ ಅಂಕೆಯು ಒಂದು ಕಾಲದಲ್ಲಿ ಮತದಾರನ ಪ್ರಾಯವೂ ಆಗಿತ್ತು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ಪ್ರಾಯವು ಹದಿನೆಂಟಕ್ಕೆ ಇಳಿಯಿತು. ಮದ್ಯದ ಪ್ರಾಯವು ಇದ್ದಲ್ಲಿಯೇ ಉಳಿಯಿತು. 2023ರ ಜನವರಿಯಲ್ಲಿ ಸರಕಾರವು ನಿಯಮದ ಅಂಕೆಯನ್ನೂ ಹದಿನೆಂಟಕ್ಕೆ ಇಳಿಸುವ ಕರಡನ್ನು ಪ್ರಕಟಿಸಿತು. ಜನರಿಂದ ಆಕ್ಷೇಪಗಳು ಬಂದುದರಿಂದ ಅದೇ ತಿಂಗಳಲ್ಲಿ ಹಿಂದೆಗೆದುಕೊಂಡಿತು. ಅಂತು ಶಾಸನಸಭೆಗೆ ಪ್ರತಿನಿಧಿಯನ್ನಾರಿಸಲು ಯೋಗ್ಯನಾದವನು, ಆ ಸಭೆಯು ತೆರಿಗೆಯನ್ನೆತ್ತುವ ಒಂದು ವಸ್ತುವನ್ನು ಕೊಳ್ಳಲು ಇನ್ನೂ ಮೂರು ವರುಷ ಅಯೋಗ್ಯನಾಗಿಯೇ ಇದ್ದಾನೆ.

ನೆರೆಹೊರೆಯಲ್ಲಿಯೂ ಅಂಕೆಗಳು ಒಂದೇ ಬಗೆಯಾಗಿಲ್ಲ. ಕರಾವಳಿಯ ಹೆದ್ದಾರಿಯಲ್ಲಿ ಬಡಗಲಾಗಿ ಹೋದರೆ ಗೋವೆಯಲ್ಲಿ ಹದಿನೆಂಟು, ಕುಂದಾಪುರದಲ್ಲಿ ಇಪ್ಪತ್ತೊಂದು, ತೆಂಕಲಾಗಿ ತಲಪಾಡಿಯನ್ನು ದಾಟಿದರೆ ಕಾಸರಗೋಡಿನಲ್ಲಿ, ಕೇರಳವು 2017ರಲ್ಲಿ ಏರಿಸಿದ ಪ್ರಕಾರ, ಇಪ್ಪತ್ತಮೂರು. 1948ರಲ್ಲಿ ಒಂದೇ ಜಿಲ್ಲೆಯಾಗಿ, ಒಂದೇ ನಿಷೇಧಕ್ಕೆ ಒಳಪಟ್ಟಿದ್ದ ಕುಂದಾಪುರ ಕಾಸರಗೋಡುಗಳಲ್ಲಿ ಇಂದು ಒಬ್ಬನೇ ತರುಣನು ಒಂದೆಡೆ ದೊಡ್ಡವನು, ಇನ್ನೊಂದೆಡೆ ಚಿಕ್ಕವನು. ಪ್ರಾಪ್ತವಯಸ್ಸೆಂಬುದು ದೇಹದಲ್ಲಿಯೂ ಬುದ್ಧಿಯಲ್ಲಿಯೂ ಪಕ್ವವಾಗುವ ಹಣ್ಣಿನಂತಹ ವಸ್ತುವಲ್ಲ, ಗಡಿಕಲ್ಲಿನಂತೆ ನೆಟ್ಟ ಅಂಕೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಗಡಿಕಲ್ಲು ಬೇಡವೆಂದಲ್ಲ. ಗದ್ದೆಯಿದ್ದಲ್ಲಿ ಗಡಿಕಲ್ಲು ಬೇಕೇ ಬೇಕು. ಅದನ್ನು ಪ್ರಕೃತಿಯೇ ನೆಟ್ಟಿತೆಂದು ಮಾತ್ರ ಭ್ರಮಿಸಬಾರದು.

ಇನ್ನು ಕಾಗದದ ವಿಚಾರ. ಅಂಗಡಿಯವನು ನಂಬುವ ಆ ಕಾಗದವು ಎಲ್ಲಿಂದ ಬಂತು? ಜನನಮರಣಗಳ ನೋಂದಣಿಗಾಗಿ ಮದರಾಸಿನಲ್ಲಿ 1899ರಲ್ಲಿಯೂ, ದೇಶಕ್ಕೆಲ್ಲ ಅನ್ವಯಿಸುವಂತೆ 1969ರಲ್ಲಿಯೂ ಕಾಯಿದೆಗಳಾದುವು. ಆದರೂ ಹಳ್ಳಿಗಳಲ್ಲಿ ಮನೆಯಲ್ಲಿಯೇ ಹುಟ್ಟಿದ ಅನೇಕರಿಗೆ ಶಾಲೆಯ ದಾಖಲೆಯೇ ಜನ್ಮಪತ್ರ. ಮಗುವನ್ನು ಶಾಲೆಗೆ ಸೇರಿಸುವ ದಿನ ಉಪಾಧ್ಯಾಯರು ಅದರ ಬಲಗೈಯನ್ನು ತಲೆಯ ಮೇಲಿನಿಂದ ಬಳಸಿ ಎಡಗಿವಿಯನ್ನು ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಶಾಲೆಗೆ ತಕ್ಕ ಪ್ರಾಯವಾಯಿತೆಂದು ಅರ್ಥ. ತಾಗದಿದ್ದರೆ ಮುಂದಿನ ವರುಷ. ತಾಗಿದವನಿಗೆ, ಶಾಲೆಯು ತೆರೆಯುವ ತಿಂಗಳಿಗೆ ಹೊಂದುವಂತೆ ಒಂದು ಜನ್ಮದಿನವನ್ನು ಅವರೇ ಬರೆದುಕೊಳ್ಳುತ್ತಿದ್ದುದೂ ಉಂಟು. ಆ ದಿನವೇ ಮುಂದೆ ಪ್ರಮಾಣಪತ್ರಕ್ಕೂ, ಅಲ್ಲಿಂದ ಚುನಾವಣೆಯ ಚೀಟಿಗೂ, ಆಧಾರ್ ಕಾರ್ಡಿಗೂ ಇಳಿದು ಬಂದು, ಗಡಂಗಿನ ಬಾಗಿಲಲ್ಲಿ ನಿರ್ವಿವಾದವಾದ ಸತ್ಯವಾಗಿ ನಿಲ್ಲುತ್ತದೆ. ಮುಖವನ್ನು ನಂಬಬಾರದೆಂದು ಕೇಳುವ ಕಾಗದವು ಒಂದು ಕಾಲದಲ್ಲಿ ಒಬ್ಬ ಉಪಾಧ್ಯಾಯರು ಮಗುವಿನ ಮುಖವನ್ನೂ ಕೈಯ ನೀಳವನ್ನೂ ನೋಡಿ ಮಾಡಿದ ಊಹೆಯೇ ಆಗಿದ್ದಿತು.

ನ್ಯಾಯಾಸ್ಥಾನಗಳಿಗೂ ಈ ತೊಡಕು ತಿಳಿಯದುದಲ್ಲ. ಆಧಾರ್ ಕಾರ್ಡು ಗುರುತಿಗೆ ಸಾಕ್ಷಿಯೇ ಹೊರತು ಪ್ರಾಯಕ್ಕೆ ಸಾಕ್ಷಿಯಲ್ಲವೆಂದೂ, ಶಾಲೆಯ ಪ್ರಮಾಣಪತ್ರವೇ ಅದಕ್ಕಿಂತ ಮೇಲೆಂದೂ ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ ಒಂದು ಪರಿಹಾರದ ವ್ಯಾಜ್ಯದಲ್ಲಿ ಹೇಳಿತು. 2015ರ ಬಾಲನ್ಯಾಯ ಕಾಯಿದೆಯು ಹದಿನೆಂಟು ತುಂಬದವರಿಗೆ ಮದ್ಯವನ್ನು ಕೊಡುವವನಿಗೆ ಏಳು ವರುಷಗಳವರೆಗೆ ಸೆರೆಯನ್ನೂ, ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಅದೇ ಕಾಯಿದೆಯು, ಎದುರಿಗೆ ನಿಂತವನು ಬಾಲಕನೆಂಬುದು ನೋಟದಿಂದಲೇ ಸ್ಪಷ್ಟವಾಗಿದ್ದರೆ ಬೇರೆ ಪುರಾವೆಗೆ ಕಾಯಬೇಕಿಲ್ಲವೆಂದೂ, ಸಂಶಯವಿದ್ದಲ್ಲಿ ಮೊದಲು ಶಾಲೆಯ ಇಲ್ಲವೆ ಜನನದ ಪ್ರಮಾಣಪತ್ರವನ್ನು, ಅವಿಲ್ಲದಿದ್ದರೆ ಎಲುಬಿನ ಪರೀಕ್ಷೆಯನ್ನು ಆಶ್ರಯಿಸಬೇಕೆಂದೂ ಹೇಳುತ್ತದೆ. ಹೀಗೆ ನೋಟ, ಕಾಗದ, ದೇಹವೆಂಬ ಮೂರು ಸಾಕ್ಷಿಗಳನ್ನೂ ಕಾನೂನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಒಂದಿಲ್ಲದಲ್ಲಿ ಇನ್ನೊಂದನ್ನು ಕೇಳುತ್ತದೆ.

ಹಾಗಾದರೆ ಅಂಗಡಿಯವನ ಪ್ರಶ್ನೆಯು ತಪ್ಪೇ? ತಪ್ಪಲ್ಲ. ಸೆರೆಯೂ ದಂಡವೂ ಪರವಾನಗಿಯ ನಷ್ಟವೂ ಅವನ ತಲೆಯ ಮೇಲೆ ತೂಗುತ್ತಿವೆ. ಬಂದವನ ಊರನ್ನಾಗಲಿ ಮನೆಯನ್ನಾಗಲಿ ಅವನರಿಯನು. ಊರಿನ ನೆನಪು ಅವನ ನೆರವಿಗೆ ಬಾರದು. ಹಿಂದೆ ಗಡಂಗಿನವನಿಗೆ ಇಂತಹವನು ಇಂತಹವರ ಮಗನೆಂದು ತಿಳಿದಿರುತ್ತಿತ್ತು. ಎಳೆಯನು ಬಂದರೆ ಗದರಿಸಿ ಅಟ್ಟುವುದೂ, ಮರುದಿನ ತಂದೆಯ ಕಿವಿಗೆ ಹಾಕುವುದೂ ಸುಲಭವಾಗಿತ್ತು. ಆ ಪರಿಚಯವು ಸಡಿಲವಾದಲ್ಲಿ ಕಾಗದವು ಬಂದಿದೆ. ಹತ್ತು ಮಂದಿ ಪ್ರಾಪ್ತರಿಗೆ ಕ್ಷಣಕಾಲದ ಮುಜುಗರವಾಗಿ ಒಬ್ಬ ಬಾಲಕನು ಕೆಡದೆ ಉಳಿದರೆ ಅದನ್ನು ನಷ್ಟವೆನ್ನಲಾಗದು.

ಆದರೆ ಕೇಳುವ ರೀತಿಯೆಂಬುದೊಂದಿದೆ. ಮದ್ಯವು ಒಳ್ಳೆಯದೋ ಕೆಟ್ಟದೋ ಎಂಬ ವಾದವು ಹಾಗಿರಲಿ. ಕಾನೂನು ಕೊಟ್ಟಿರುವ ಪ್ರಾಯದವನನ್ನು ಕಳ್ಳನಂತೆ ಕೇಳಬಾರದು. ಕಾಗದವಿಲ್ಲದ ಕೂಲಿಯವನನ್ನೂ, ನರೆತ ತಲೆಯ ಮುದುಕನನ್ನೂ, ಕಾರ್ಡು ಮನೆಯಲ್ಲುಳಿದವನನ್ನೂ ಸುಳ್ಳುಗಾರರೆಂದು ಬಗೆಯಬಾರದು. ಅವರು ತೋರಿಸಲಾರದ ಆ ಕಾಗದವೂ ಒಬ್ಬರ ಮಾತನ್ನು ಇನ್ನೊಬ್ಬರು ನಂಬಿ ಬರೆದುಕೊಂಡುದರಿಂದಲೇ ಹುಟ್ಟಿದುದು.

2023ರಲ್ಲಿ ತಿದ್ದುಪಡಿಯಾದ ಜನನನೋಂದಣಿಯ ಕಾಯಿದೆಯ ಪ್ರಕಾರ, ಆ ವರುಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಸರಕಾರದ ಉದ್ಯೋಗ ಮೊದಲಾದುವುಗಳಿಗೆ ಜನನದ ಪ್ರಮಾಣಪತ್ರವೊಂದೇ ಪ್ರಾಯದ ಸಾಕ್ಷಿ. ಅವರಲ್ಲಿ ಮೊದಲಿಗರಿಗೆ ಇಪ್ಪತ್ತೊಂದು ತುಂಬುವುದು 2044ರಲ್ಲಿ. ಅಂದಿನಿಂದ ಗಡಂಗಿನ ಬಾಗಿಲಿಗೆ ಬರುವ ಹೊಸಬರ ಜನ್ಮದಿನದಲ್ಲಿ ಉಪಾಧ್ಯಾಯರ ಊಹೆಯು ಬೆರೆತಿರಲಾರದು. ಅಲ್ಲಿಯವರೆಗೆ ಈ ಸೀಮೆಯ ಪ್ರಾಪ್ತವಯಸ್ಕರಲ್ಲಿ ಬಹುಮಂದಿ ತೋರಿಸುವ ಕಾರ್ಡಿನ ಹಿಂದೆ, ತಲೆಯ ಮೇಲಿನಿಂದ ಕೈಯನ್ನು ಬಳಸಿ ಕಿವಿಯನ್ನು ಮುಟ್ಟಲು ಹವಣಿಸುವ ಒಂದು ಮಗುವೂ, ಅದನ್ನು ನೋಡಿ ನಕ್ಕು ದಾಖಲೆಯಲ್ಲಿ ಒಂದು ದಿನವನ್ನು ಬರೆದುಕೊಳ್ಳುವ ಒಬ್ಬ ಉಪಾಧ್ಯಾಯರೂ ಇದ್ದೇ ಇರುವರು.